ದಿಮ್ಮಿ ಎತ್ತಲು ಯಂತ್ರ ಬಂದಿದೆ, ದಿಮ್ಮಿಗೆ ತಕ್ಕ ಯಂತ್ರ ಬರಲಿ

ಸಂಪಾದಕರಿಗೆ,

ಮಾನ್ಯರೇ,

‘ದಿಮ್ಮಿ ಉರುಳಿ ಹಮಾಲ ಸಾವು’ ಎಂಬ ನಾಲ್ಕು ಸಾಲಿನ ಸುದ್ದಿ ಜಿಲ್ಲಾ ಪುಟದ ಮೂಲೆಯಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ಸತ್ತವನ ಹೆಸರು, ವಯಸ್ಸು, ಪ್ರಕರಣ ದಾಖಲಾದ ಠಾಣೆ, ಇಷ್ಟರಲ್ಲಿ ಸುದ್ದಿ ಮುಗಿಯುತ್ತದೆ. ದಿಮ್ಮಿ ಏಕೆ ಉರುಳಿತು, ಅದನ್ನು ಯಾವುದರಿಂದ ಎತ್ತುತ್ತಿದ್ದರು, ಆ ಹೊತ್ತಿನಲ್ಲಿ ಆತ ಅಲ್ಲಿ ಏಕೆ ನಿಂತಿದ್ದ ಎಂಬುದನ್ನು ಯಾರೂ ಕೇಳುವುದಿಲ್ಲ. ನಾನು ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕ್ರೇನು, ಸರಪಳಿ, ವೈರ್ ರೋಪುಗಳ ತಪಾಸಣೆ ಮತ್ತು ದುರಸ್ತಿಯ ಕೆಲಸ ಮಾಡಿ ನಿವೃತ್ತನಾದವನು. ನನ್ನ ತಂದೆ ಅಳ್ನಾವರ ಸುತ್ತಿನ ರೈಲ್ವೆ ಯಾರ್ಡುಗಳಲ್ಲಿ ವ್ಯಾಗನ್‌ಗಳಿಗೆ ನಾಟಾ ಏರಿಸುವ ತಂಡದ ಮೇಸ್ತ್ರಿಯಾಗಿದ್ದರು. ಈ ಎರಡು ಕಾರಣಗಳಿಂದಾಗಿ ಆ ಪ್ರಶ್ನೆಗಳನ್ನು ಕೇಳದೆ ಇರಲು ನನಗೆ ಆಗುವುದಿಲ್ಲ. ಪತ್ರ ದೀರ್ಘವಾಗಿದೆ, ಕ್ಷಮೆಯಿರಲಿ.

ನನ್ನ ಮಾತು ಇಷ್ಟೇ: ನಮ್ಮ ನಾಟಾ ಡಿಪೋಗಳಲ್ಲಿ, ಸಾಮಿಲ್ಲುಗಳಲ್ಲಿ, ಗೂಡ್ಸ್ ಶೆಡ್ಡುಗಳಲ್ಲಿ ದಿಮ್ಮಿ ಎತ್ತಿ ಇಳಿಸುವ ಕೆಲಸಕ್ಕೆ ಯಂತ್ರ ಬಂದಿದೆಯಾದರೂ ಅದು ಅರ್ಧ ಮಾತ್ರ ಬಂದಿದೆ. ಭಾರ ಎತ್ತುವುದನ್ನು ಯಂತ್ರ ಮಾಡುತ್ತದೆ. ದಿಮ್ಮಿಗೆ ಸರಪಳಿ ಸುತ್ತುವುದು, ಗಾಳಿಯಲ್ಲಿ ತೂಗುವಾಗ ಅದನ್ನು ತಿರುಗಿಸುವುದು, ಲಾರಿಯ ಮೇಲೆ ಸರಿಯಾಗಿ ಕೂರಿಸುವುದು, ಸರಪಳಿ ಬಿಚ್ಚುವುದು, ಇವೆಲ್ಲವನ್ನೂ ಮನುಷ್ಯ ಬರಿಗೈಯಲ್ಲಿ, ಭಾರದ ಪಕ್ಕದಲ್ಲೇ ನಿಂತು ಮಾಡುತ್ತಾನೆ. ಪೂರ್ತಿ ಕೈಕೆಲಸಕ್ಕಿಂತಲೂ ಪೂರ್ತಿ ಯಂತ್ರದ ಕೆಲಸಕ್ಕಿಂತಲೂ ಈ ಅರೆಬರೆ ವ್ಯವಸ್ಥೆ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅನುಭವದ ಖಚಿತ ಅಭಿಪ್ರಾಯ.

ಅಳ್ನಾವರದಿಂದ ದಾಂಡೇಲಿಯ ಕಡೆಗೆ ಬ್ರಿಟಿಷರ ಕಾಲದಲ್ಲಿ ಮೀಟರ್ ಗೇಜ್ ಹಳಿ ಹಾಕಿದ್ದು ಮುಖ್ಯವಾಗಿ ಕಾಡಿನ ನಾಟಾ ಹೊರಗೆ ಸಾಗಿಸುವುದಕ್ಕಾಗಿ. ದಾಂಡೇಲಿ, ಹಳಿಯಾಳ, ಯಲ್ಲಾಪುರ ಸೀಮೆಯ ತೇಗ, ಮತ್ತಿ, ನಂದಿ, ಹೊನ್ನೆಯ ದಿಮ್ಮಿಗಳನ್ನು ಆನೆಗಳು ಸರಪಳಿ ಕಟ್ಟಿ ಕಾಡಿನಿಂದ ಎಳೆದು ತರುತ್ತಿದ್ದವು. ಡಿಪೋದಲ್ಲಿ ಅವುಗಳಿಗೆ ಸುತ್ತಿಗೆಯ ಮುದ್ರೆ ಬಿದ್ದು, ಸುತ್ತಳತೆ ಬರೆದು, ಲಾಟುಗಳಾಗಿ ಜೋಡಿಸಲಾಗುತ್ತಿತ್ತು. ಅಲ್ಲಿಂದ ವ್ಯಾಗನ್ ಏರುವುದು ಮನುಷ್ಯರ ಪಾಲಿನ ಕೆಲಸ. ದಾಂಡೇಲಿಯ ನಾಟಾ ಡಿಪೋದ ಮರಗಳ ಮೇಲೆ ಮಂಗಟ್ಟೆ ಹಕ್ಕಿಗಳನ್ನು ನೋಡಲು ಇಂದು ದೂರದೂರುಗಳಿಂದ ಜನ ಬರುತ್ತಾರೆ. ಬಂದವರು ಒಂದು ಗಳಿಗೆ ಕಣ್ಣು ಕೆಳಗಿಳಿಸಿ ದಿಮ್ಮಿ ಹೊರುವವರನ್ನೂ ನೋಡಲಿ ಎಂದು ನಾನು ಬಯಸುತ್ತೇನೆ.

1960ರ ದಶಕದ ಕೊನೆಯಲ್ಲಿ, ಪ್ರಾಥಮಿಕ ಶಾಲೆಯ ಹುಡುಗನಾಗಿದ್ದಾಗ, ಮಧ್ಯಾಹ್ನ ತಂದೆಗೆ ಬುತ್ತಿ ಒಯ್ದು ಯಾರ್ಡಿನ ಬೇಲಿಯ ಪಕ್ಕ ಕುಳಿತು ನಾನು ನೋಡುತ್ತಿದ್ದ ವಿಧಾನ ಹೀಗಿತ್ತು. ವ್ಯಾಗನ್ನಿನ ಅಂಚಿಗೆ ಎರಡು ಗಟ್ಟಿ ಮರದ ಕಂಬಗಳನ್ನು ಓರೆಯಾಗಿ ಒರಗಿಸುವರು. ಎರಡು ದಪ್ಪ ಹಗ್ಗಗಳ ಒಂದು ತುದಿಯನ್ನು ವ್ಯಾಗನ್ನಿಗೇ ಬಿಗಿದು, ಇನ್ನೊಂದು ತುದಿಯನ್ನು ದಿಮ್ಮಿಯ ಕೆಳಗಿನಿಂದ ತೂರಿಸಿ, ಮೇಲಿನಿಂದ ಮರಳಿ ವ್ಯಾಗನ್ ದಾಟಿಸಿ ಆಚೆ ಬದಿಗೆ ಕೊಡುವರು. ಆಚೆ ನಿಂತ ಆರು ಜನ ‘ಐಸಾ’ ಎಂದು ಒಟ್ಟಿಗೆ ಎಳೆದರೆ ದಿಮ್ಮಿ ಹಗ್ಗದ ಮಡಿಲಲ್ಲಿ ಉರುಳುತ್ತ ಮೇಲೇರುತ್ತಿತ್ತು. ಮುಂದೆ ತಾಂತ್ರಿಕ ಶಿಕ್ಷಣ ಪಡೆದ ಮೇಲೆ ನನಗೆ ಇದರ ಲೆಕ್ಕ ತಿಳಿಯಿತು. ಕಂಬಗಳ ಓರೆ ಮೂವತ್ತು ಡಿಗ್ರಿಯಷ್ಟಿದ್ದರೆ 600 ಕಿಲೋ ದಿಮ್ಮಿಯ ಭಾರ ಅರ್ಧಕ್ಕಿಳಿದು 300 ಕಿಲೋ ಆಗುತ್ತದೆ. ಹಗ್ಗದ ಸುತ್ತಿನಿಂದ ಅದರಲ್ಲೂ ಅರ್ಧ ಕಳೆದು 150 ಕಿಲೋ ಉಳಿಯುತ್ತದೆ. ಆರು ಜನರಿಗೆ ಹಂಚಿದರೆ ಒಬ್ಬನಿಗೆ 25 ಕಿಲೋ. ಅಕ್ಷರ ಬಾರದ ಆ ತಂಡ ಯಂತ್ರಶಾಸ್ತ್ರದ ಎರಡು ಸೂತ್ರಗಳನ್ನು ಒಂದೇ ಹಗ್ಗದಲ್ಲಿ ಕಟ್ಟಿತ್ತು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಎಳೆಯುವವರು ವ್ಯಾಗನ್ನಿನ ಆಚೆ ಬದಿಯಲ್ಲಿ ಇರುತ್ತಿದ್ದರು. ಹಗ್ಗ ಹರಿದರೆ ದಿಮ್ಮಿ ಈಚೆಗೆ ಉರುಳುತ್ತಿತ್ತೇ ಹೊರತು ಅವರ ಮೇಲಲ್ಲ. ಕಂಬಗಳ ನಡುವೆ ಯಾರೂ ಕಾಲಿಡಬಾರದು ಎಂಬುದು ನನ್ನ ತಂದೆಯ ಕಟ್ಟುನಿಟ್ಟು.

ಹಳೆಯದನ್ನು ಹೊಗಳಲು ನಾನು ಇದನ್ನು ಬರೆಯುತ್ತಿಲ್ಲ. ಆ ಕೆಲಸದಲ್ಲಿ ನಲವತ್ತಕ್ಕೇ ಬೆನ್ನು ಬಾಗಿದವರನ್ನು, ಬೆರಳು ಕಳೆದುಕೊಂಡವರನ್ನು ಕಂಡಿದ್ದೇನೆ. ಅದು ಮತ್ತೆ ಬರುವುದು ಬೇಡ. ಆದರೆ ಆ ವಿಧಾನದಲ್ಲಿ ಭಾರಕ್ಕೂ ಮನುಷ್ಯನಿಗೂ ನಡುವೆ ಒಂದು ಅಂತರವಿತ್ತು. ಇಂದಿನ ಯಂತ್ರದ ಕೆಲಸದಲ್ಲಿ ಆ ಅಂತರವೇ ಕಾಣೆಯಾಗಿದೆ.

ಕಳೆದ ತಿಂಗಳು ಒಂದು ಖಾಸಗಿ ಸಾಮಿಲ್ಲಿನ ಅಂಗಳದಲ್ಲಿ ಲೋಡಿಂಗ್ ನಡೆಯುವುದನ್ನು ಒಂದು ಗಂಟೆ ನಿಂತು ನೋಡಿದೆ. ಬಾಡಿಗೆಗೆ ತಂದ ಹೈಡ್ರಾ, ಅಂದರೆ ಭಾರವನ್ನು ಎತ್ತಿಕೊಂಡೇ ಸಾಗುವ ಗಾಲಿ ಕ್ರೇನು, ಒಂದು ದೊಡ್ಡ ಮತ್ತಿಯ ದಿಮ್ಮಿಯ ನಡುವಿಗೆ ಒಂದೇ ಸುತ್ತು ಸರಪಳಿ ಬಿಗಿದು ಎತ್ತಿತು. ನಡು ಸರಿಯಾಗಿ ಸಿಕ್ಕಿರಲಿಲ್ಲವಾದ್ದರಿಂದ ದಪ್ಪ ತುದಿ ಕೆಳಗೆ ಬಾಗಿತು. ಒಬ್ಬ ಹುಡುಗ ಓಡಿಬಂದು ಮೇಲಿದ್ದ ತುದಿಗೆ ಜೋತುಬಿದ್ದು ಅದನ್ನು ಸಮ ಮಾಡಲು ನೋಡಿದ. ಇನ್ನೊಬ್ಬ ಬಾಗಿದ ತುದಿಗೆ ಹೆಗಲು ಕೊಟ್ಟ. ದಿಮ್ಮಿ ಹಾಗೆಯೇ ತೂಗುತ್ತ ಕ್ರೇನು ಇಪ್ಪತ್ತು ಅಡಿ ಮುಂದೆ ಸಾಗಿ ಲಾರಿಯ ಬಳಿ ಬಂತು. ಚಾಲಕನ ಆಸನ ಯಂತ್ರದ ಹಿಂಭಾಗದಲ್ಲಿತ್ತು. ಮುಂದೆ ಚಾಚಿದ ಬೂಮ್ ಎಂಬ ಉಕ್ಕಿನ ತೋಳು, ಅದರ ತುದಿಯ ದಿಮ್ಮಿ, ಇವೆರಡರ ಮರೆಯಲ್ಲಿ ನಡೆಯುತ್ತಿದ್ದ ಆ ಇಬ್ಬರು ಅವನಿಗೆ ಕಾಣುವಂತೆಯೇ ಇರಲಿಲ್ಲ. ಲಾರಿಯ ಮೇಲೆ ನಿಂತಿದ್ದ ಮೂರನೆಯವನು ಕೈಸನ್ನೆ ಮಾಡುತ್ತಲೇ ದಿಮ್ಮಿಯನ್ನು ಎರಡೂ ಕೈಗಳಿಂದ ತನ್ನ ಕಡೆಗೆ ಎಳೆದುಕೊಂಡ. ಅದು ಮೊದಲೇ ಏರಿಸಿದ್ದ ದಿಮ್ಮಿಗಳ ನಡುವಿನ ಸಂದಿಯಲ್ಲಿ ಧಡ್ ಎಂದು ಕುಳಿತಾಗ ಅವನ ಪಾದ ಮತ್ತು ಮರದ ನಡುವೆ ಒಂದು ಗೇಣು ಜಾಗವಿತ್ತು. ಯಾರೂ ಬೆಚ್ಚಲಿಲ್ಲ. ಮುಂದಿನ ದಿಮ್ಮಿಗೆ ಸರಪಳಿ ಸುತ್ತತೊಡಗಿದರು.

ಬಿಡುವಿನಲ್ಲಿ ಆ ತಂಡದ ಮೇಸ್ತ್ರಿಯನ್ನು ಮಾತನಾಡಿಸಿದೆ. ‘ಹೈಡ್ರಾ ಬಂದ ಮ್ಯಾಲೆ ಹೆಂಗನಸ್ತದ ಯಜಮಾನ್ರ?’ ಎಂದೆ. ‘ಮೈನೋವು ಕಡಿಮಿ ಆಗೇತ್ರಿ ಸರ, ಎದಿಯೊಳಗಿನ ಹೆದರಿಕಿ ಹೆಚ್ಚಾಗೇತ್ರಿ’ ಎಂದರು.

ಆ ಹೆದರಿಕೆಗೆ ಕಾರಣಗಳಿವೆ. ಹೈಡ್ರಾ ಒಳ್ಳೆಯ ಯಂತ್ರ. ಆದರೆ ಅದು ಕಬ್ಬಿಣದ ತೊಲೆ, ಪೈಪು, ಯಂತ್ರದ ಬಿಡಿಭಾಗಗಳನ್ನು ಹತ್ತಿರದ ದೂರಕ್ಕೆ ಎತ್ತಿ ಒಯ್ಯಲು ಮಾಡಿದ ಯಂತ್ರ. ಚಾಲಕನಿಗೆ ಮುಂದಿನ ನೋಟ ಸಿಗದಿರುವ ದೋಷದಿಂದಾಗಿ ಹಲವು ದೊಡ್ಡ ಕಾಮಗಾರಿಗಳಲ್ಲಿ ಹಿಂದೆ ಆಸನವಿರುವ ಹಳೆಯ ಮಾದರಿಗೆ ಈಗ ಪ್ರವೇಶವಿಲ್ಲ. ಅಂಥ ಕಡೆಗಳಿಂದ ಹೊರಬಿದ್ದ ಯಂತ್ರಗಳು ಕಡಿಮೆ ಬಾಡಿಗೆಗೆ ಸಿಗುವುದು ಸಣ್ಣ ಊರುಗಳ ಅಂಗಳಗಳಲ್ಲಿ. ಜೊತೆಗೆ, ಮರದ ದಿಮ್ಮಿ ಕಬ್ಬಿಣದ ತೊಲೆಯಂತಲ್ಲ. ಅದರ ಒಂದು ತುದಿ ದಪ್ಪ, ಇನ್ನೊಂದು ಸಣ್ಣ. ತೂಕದ ನಡು ಉದ್ದದ ನಡುವಿನಲ್ಲಿರುವುದಿಲ್ಲ. ತೊಗಟೆ ಸಡಿಲವಾಗಿದ್ದರೆ ಸರಪಳಿ ಮರವನ್ನಲ್ಲದೆ ತೊಗಟೆಯನ್ನಷ್ಟೇ ಹಿಡಿದಿರುತ್ತದೆ, ಎತ್ತಿದೊಡನೆ ತೊಗಟೆಯ ಸಮೇತ ಜಾರುತ್ತದೆ. ಮಳೆಯಲ್ಲಿ ನೆನೆದ ದಿಮ್ಮಿಯಂತೂ ಸಾಬೂನಿನಂತೆ. ಒಂದೇ ಸುತ್ತಿನಲ್ಲಿ ಎತ್ತುವುದನ್ನು ಮೊದಲು ನಿಲ್ಲಿಸಬೇಕು. ಎರಡು ಕಡೆ ಬಿಗಿಯುವಾಗಲೂ ಸ್ಲಿಂಗಿನ, ಅಂದರೆ ಭಾರಕ್ಕೆ ಸುತ್ತಿ ಕೊಕ್ಕೆಗೆ ಹಾಕುವ ಸರಪಳಿ ಅಥವಾ ಹಗ್ಗದ, ಎಳೆಗಳ ಕೋನವನ್ನು ಲಕ್ಷಿಸಬೇಕು. ಎಳೆಗಳು ದಿಮ್ಮಿಗೆ 60 ಡಿಗ್ರಿಯಲ್ಲಿದ್ದರೆ ಒಂದು ಟನ್ ಭಾರಕ್ಕೆ ಪ್ರತಿ ಎಳೆಯ ಮೇಲೆ ಸುಮಾರು 580 ಕಿಲೋ ಬೀಳುತ್ತದೆ. ಸ್ಲಿಂಗ್ ಗಿಡ್ಡವಾಗಿ ಕೋನ 30 ಡಿಗ್ರಿಗೆ ಇಳಿದರೆ ಪ್ರತಿಯೊಂದು ಎಳೆಯ ಮೇಲೂ ಪೂರ್ತಿ ಒಂದು ಟನ್ ಬೀಳುತ್ತದೆ. ಎರಡು ಎಳೆ ಇವೆ, ಅರ್ಧರ್ಧ ಹಂಚಿಹೋಗುತ್ತದೆ ಎಂಬ ನಂಬಿಕೆಯಿಂದಲೇ ಸರಪಳಿಗಳು ತುಂಡಾಗುತ್ತವೆ.

ಇನ್ನು ತೂಕದ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹುಕಾಲದಿಂದ ನಡೆದುಬಂದಿದೆ. ನಾಟಾ ವ್ಯವಹಾರದಲ್ಲಿ ದಿಮ್ಮಿಯ ಅಳತೆಗೆ ಬಳಕೆಯಲ್ಲಿರುವುದು ಕಾಲು ಸುತ್ತಳತೆಯ ಸೂತ್ರ: ಸುತ್ತಳತೆಯ ನಾಲ್ಕನೇ ಒಂದು ಭಾಗವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸುವುದು. 180 ಸೆಂ.ಮೀ. ಸುತ್ತಳತೆಯ, 5 ಮೀಟರ್ ಉದ್ದದ ತೇಗದ ದಿಮ್ಮಿ ಈ ಲೆಕ್ಕದಲ್ಲಿ ಸುಮಾರು 1.01 ಘನ ಮೀಟರ್. ಆದರೆ ಕೊಯ್ಯುವಾಗ ಹೋಗುವ ನಷ್ಟವನ್ನು ಮೊದಲೇ ಕಳೆಯುವ ಈ ಸೂತ್ರ ವ್ಯಾಪಾರಕ್ಕೆ ಮಾಡಿದ್ದೇ ಹೊರತು ಭಾರ ತಿಳಿಯಲು ಮಾಡಿದ್ದಲ್ಲ. ದುಂಡು ಮರದ ನಿಜವಾದ ಘನ ಅಳತೆ ಅದಕ್ಕಿಂತ ಶೇ. 27ರಷ್ಟು ಹೆಚ್ಚು, ಅಂದರೆ ಇದೇ ದಿಮ್ಮಿಗೆ 1.29 ಘನ ಮೀಟರ್. ಚೆನ್ನಾಗಿ ಒಣಗಿದ ತೇಗ ಘನ ಮೀಟರಿಗೆ ಸುಮಾರು 650 ಕಿಲೋ ತೂಗಿದರೆ, ಈಗಷ್ಟೇ ಕಡಿದ ಹಸಿ ತೇಗ ಸಾವಿರ ಕಿಲೋ ಮುಟ್ಟುತ್ತದೆ. ಪುಸ್ತಕದಲ್ಲಿನ ಘನ ಮೀಟರ್ ನೋಡಿ, ಒಣ ಮರದ ತೂಕದಿಂದ ಗುಣಿಸಿ, ‘ಆರುನೂರೈವತ್ತು ಕಿಲೋ ಇದ್ದೀತು’ ಎಂದುಕೊಂಡು ಕೊಕ್ಕೆ ಹಾಕಿದವನು ವಾಸ್ತವದಲ್ಲಿ 1,300 ಕಿಲೋ ಎತ್ತುತ್ತಿರುತ್ತಾನೆ. ಅಂದಾಜಿಗಿಂತ ಎರಡು ಪಟ್ಟು! ಮತ್ತಿಯಂಥ ಗಟ್ಟಿ ಮರವಾದರೆ ಇನ್ನೂ ಹೆಚ್ಚು. ‘ನಮ್ಮದು ಹದಿನಾಲ್ಕು ಟನ್ ಕ್ರೇನು, ಇದೇನು ಲೆಕ್ಕ’ ಎಂದು ಚಾಲಕರು ನಗುತ್ತಾರೆ. ಆ ಹದಿನಾಲ್ಕು ಟನ್ ಎಂಬುದು ಬೂಮ್ ಪೂರ್ತಿ ಒಳಗಿದ್ದು, ಭಾರ ಯಂತ್ರಕ್ಕೆ ತೀರ ಹತ್ತಿರವಿದ್ದಾಗಿನ ಸಾಮರ್ಥ್ಯ. ಬೂಮ್ ಚಾಚಿದಂತೆಲ್ಲ ಅದು ಕೆಲವೇ ಟನ್ನುಗಳಿಗೆ ಇಳಿಯುತ್ತದೆ. ಎರಡು ಮೂರು ದಿಮ್ಮಿಗಳನ್ನು ಒಟ್ಟಿಗೆ ಕಟ್ಟಿ, ಬೂಮ್ ಚಾಚಿ, ಹದವಿಲ್ಲದ ನೆಲದಲ್ಲಿ ಎತ್ತುವವರು ಯಂತ್ರದ ಬಾಗಿಲಿಗೆ ಅಂಟಿಸಿರುವ ಸಾಮರ್ಥ್ಯದ ಪಟ್ಟಿಯನ್ನು ಒಮ್ಮೆ ಓದಬೇಕು. ಆ ಪಟ್ಟಿ ಕನ್ನಡದಲ್ಲಿ ಇದ್ದುದನ್ನು ನಾನು ಈವರೆಗೆ ಕಂಡಿಲ್ಲ.

ಹಾಗಾದರೆ ದಿಮ್ಮಿಗೆ ತಕ್ಕ ಯಂತ್ರ ಯಾವುದು? ಇದೇನೂ ಹೊಸದಾಗಿ ಕಂಡುಹಿಡಿಯಬೇಕಾದದ್ದಲ್ಲ. ಅಮೆರಿಕದ ಮಿನೆಸೊಟಾ ರಾಜ್ಯದ ಡುಲುತ್ ನಗರದಲ್ಲಿ ಕ್ಲೈಡ್ ಕಬ್ಬಿಣ ಕಾರ್ಖಾನೆಯವರು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಮೆಕ್‌ಗಿಫರ್ಟ್ ಎಂಬ ಉಗಿಯಂತ್ರದ ಲೋಡರ್ ತಯಾರಿಸುತ್ತಿದ್ದರು. ಅದು ಹಳಿಯ ಮೇಲೆ ತಾನೇ ಓಡಿ ಬಂದು, ನಾಲ್ಕು ಕಾಲುಗಳನ್ನು ಹಳಿಯ ಎರಡೂ ಬದಿಗೆ ಊರಿ, ತನ್ನ ಗಾಲಿಗಳನ್ನು ಮೇಲಕ್ಕೆ ಎತ್ತಿಕೊಳ್ಳುತ್ತಿತ್ತು. ಖಾಲಿ ವ್ಯಾಗನ್‌ಗಳು ಅದರ ಹೊಟ್ಟೆಯ ಕೆಳಗಿನಿಂದ ಒಂದೊಂದಾಗಿ ದಾಟಿ ಮುಂದೆ ಬಂದು ಲೋಡಾಗುತ್ತಿದ್ದವು. ವ್ಯಾಗನ್ನು ಹೇಗೆ ಸಾಗಬೇಕು, ದಿಮ್ಮಿ ಹೇಗೆ ಬರಬೇಕು ಎಂಬುದನ್ನು ಮೊದಲು ಯೋಚಿಸಿ ಆಮೇಲೆ ಯಂತ್ರ ಕಟ್ಟಿದ್ದಕ್ಕೆ ಅದೊಂದು ಒಳ್ಳೆಯ ನಿದರ್ಶನ. ಅಲ್ಲೂ ಒಬ್ಬ ಮನುಷ್ಯ ವ್ಯಾಗನ್ನಿನ ಮೇಲೆ ನಿಂತು ಬರುವ ದಿಮ್ಮಿಯನ್ನು ಕೂರಿಸಬೇಕಿತ್ತು, ಮತ್ತು ಆ ತಂಡದಲ್ಲಿ ಅವನದು ಅತ್ಯಂತ ಅಪಾಯದ ಜಾಗವಾಗಿತ್ತು. ಅವನನ್ನು ಅಲ್ಲಿಂದ ಕೆಳಗಿಳಿಸಿದ್ದು ಇಂದಿನ ಗ್ರಾಪಲ್, ಅಂದರೆ ಹೈಡ್ರಾಲಿಕ್ ಒತ್ತಡದಿಂದ ತೆರೆದು ಮುಚ್ಚುವ ಉಕ್ಕಿನ ಪಂಜ. ಈ ಪಂಜದ ಮೇಲೆ ರೊಟೇಟರ್ ಎಂಬ ತಿರುಗಣೆ ಇದ್ದರೆ ದಿಮ್ಮಿಯನ್ನು ಗಾಳಿಯಲ್ಲೇ ಯಾವ ದಿಕ್ಕಿಗೆ ಬೇಕಾದರೂ ತಿರುಗಿಸಬಹುದು. ಸರಪಳಿ ಸುತ್ತುವವನು ಬೇಡ, ತುದಿ ಹಿಡಿಯುವವನು ಬೇಡ, ಮೇಲೆ ನಿಂತು ಬಿಚ್ಚುವವನು ಬೇಡ. ಚಾಲಕ ಎತ್ತರದ ಕ್ಯಾಬಿನ್ನಿನಲ್ಲಿ ಕುಳಿತು ಎಲ್ಲವನ್ನೂ ಕಣ್ಣಾರೆ ನೋಡುತ್ತ ಮಾಡುತ್ತಾನೆ.

ಇಷ್ಟು ಹೇಳಿದೊಡನೆ ‘ಅಷ್ಟು ದುಡ್ಡಿನ ಯಂತ್ರ ನಮಗೆಲ್ಲಿ’ ಎಂಬ ಮಾತು ಬರುತ್ತದೆ. ಎಲ್ಲ ಕಡೆಗೂ ಒಂದೇ ಯಂತ್ರ ಬೇಕಿಲ್ಲ. ಹೊಲದ ಬದುವಿನಿಂದ ಅಕೇಶಿಯಾ, ನೀಲಗಿರಿ ತುಂಡುಗಳನ್ನು ಕಾಗದದ ಕಾರ್ಖಾನೆಗೆ ಸಾಗಿಸುವಲ್ಲಿ ಟ್ರ್ಯಾಕ್ಟರಿಗೆ ಜೋಡಿಸುವ ಸಣ್ಣ ಗ್ರಾಪಲ್ ಸಾಕು. ಅದು ಒಮ್ಮೆಗೆ ಹತ್ತಾರು ತುಂಡು ಹಿಡಿಯುತ್ತದೆ. ಇಂದು ಅದೇ ತುಂಡುಗಳನ್ನು ಹೆಗಲ ಮೇಲಿಟ್ಟು ಅಲುಗಾಡುವ ಹಲಗೆಯ ಮೇಲೆ ಹತ್ತಿ ಲಾರಿಗೆ ಎಸೆಯುತ್ತಾರೆ. ವಯಸ್ಕ ಪುರುಷ ಕೈಯಿಂದ ಎತ್ತಿ ಸಾಗಿಸುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತ್ತು. ಹಸಿ ನೀಲಗಿರಿಯ ದಪ್ಪ ತುಂಡೊಂದು ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ. ದೊಡ್ಡ ಡಿಪೋಗಳಲ್ಲಿ ಮುಂಭಾಗಕ್ಕೆ ಫೋರ್ಕ್ ಮತ್ತು ಮೇಲಿನಿಂದ ಅದುಮುವ ಹಿಡಿಕೆ ಇರುವ ವೀಲ್ ಲೋಡರ್ ಯೋಗ್ಯ. ದಿನವಿಡೀ ಒಂದೇ ಜಾಗದಲ್ಲಿ ಕೆಲಸ ನಡೆಯುವ ಸಾಮಿಲ್ಲಿಗೆ ಹಳಿಯ ಮೇಲೆ ಓಡುವ ಗ್ಯಾಂಟ್ರಿ ಕ್ರೇನು ಮತ್ತು ಕತ್ತರಿಯಂತೆ ಬಿಗಿಯುವ ಇಕ್ಕಳ ಸಾಕು. ಭಾರ ಹೆಚ್ಚಿದಷ್ಟೂ ಅದರ ಹಿಡಿತ ಹೆಚ್ಚುತ್ತದೆ, ಬೆಲೆಯೂ ಹೆಚ್ಚಲ್ಲ. ವಿನೀರ್ ಎಂಬ ಮರದ ತೆಳು ಹಾಳೆ ತೆಗೆಯುವ ಬೆಲೆಬಾಳುವ ದಿಮ್ಮಿಗೆ ಮಾತ್ರ ಇಕ್ಕಳದ ಹಲ್ಲಿನ ಗಾಯ ಆಗಬಾರದು. ಅಲ್ಲಿ ಅಗಲವಾದ ಬಟ್ಟೆಯ ಬೆಲ್ಟ್ ಸ್ಲಿಂಗ್ ಎರಡು ಕಡೆ ಹಾಕಿ, ದಿಮ್ಮಿಯ ತುದಿಗೆ ಉದ್ದನೆಯ ಹಗ್ಗ ಕಟ್ಟಿ, ದೂರದಲ್ಲಿ ನಿಂತು ತಿರುಗಿಸಬೇಕು. ಆ ಹಗ್ಗದ ಬೆಲೆ ಒಂದು ಲೋಡಿನ ಹಮಾಲಿಗಿಂತ ಕಡಿಮೆ. ಒಂದು ಹಗ್ಗವಿದ್ದಿದ್ದರೆ ನಾನು ನೋಡಿದ ಆ ಹುಡುಗ ದಿಮ್ಮಿಗೆ ಜೋತುಬೀಳಬೇಕಾಗಿರಲಿಲ್ಲ.

ಏರಿಸುವುದಕ್ಕಿಂತ ಇಳಿಸುವುದು ಕಷ್ಟ ಎಂಬುದನ್ನು ನಮ್ಮಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಂಡಿಲ್ಲ. ಏರಿಸುವಾಗ ಪ್ರತಿ ದಿಮ್ಮಿಯೂ ನಮ್ಮ ಕಣ್ಣೆದುರಿಗೆ ಕುಳಿತಿರುತ್ತದೆ. ಇಳಿಸುವ ಹೊತ್ತಿಗೆ ದಾರಿಯುದ್ದಕ್ಕೂ ಕುಲುಕಿ, ಒಂದರ ಮೇಲೊಂದು ಜಾರಿ, ಇಡೀ ರಾಶಿ ಬದಿಯ ಗೂಟಗಳ ಮೇಲೆ ಒರಗಿರುತ್ತದೆ. ಯಾವ ದಿಮ್ಮಿ ಯಾವುದನ್ನು ತಡೆದು ನಿಂತಿದೆ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ. ನನ್ನ ತಂದೆಗೆ ಆದದ್ದು ಹಾಗೆಯೇ. ವ್ಯಾಗನ್ನಿನ ಬದಿಯ ಗೂಟವೊಂದನ್ನು ಸುತ್ತಿಗೆಯಿಂದ ಹೊಡೆದು ಕೀಳುವಾಗ, ಮೇಲಿನ ಸಾಲಿನ ಎರಡು ದಿಮ್ಮಿಗಳು ಒಟ್ಟಿಗೆ ಬಂದವು. ಅವರು ಪಕ್ಕಕ್ಕೆ ಹಾರಿದರೂ ಎಡಗಾಲು ಸಿಕ್ಕಿಕೊಂಡಿತು. ಆ ಕಾಲು ಮತ್ತೆ ಮಡಚಲಿಲ್ಲ. ಕೆಲಸ ಕೊಟ್ಟವರು ಆಸ್ಪತ್ರೆಯ ಖರ್ಚು ಕೊಟ್ಟರು, ಮುಂದಿನ ವಾರ ಬೇರೆ ಮೇಸ್ತ್ರಿಯನ್ನು ನೇಮಿಸಿಕೊಂಡರು. ಯಾರ ಮೇಲೂ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಅಂದು ತಪ್ಪಿದ್ದು ಒಂದೇ ಕ್ರಮ: ಯಂತ್ರವಾಗಲಿ, ಹಗ್ಗವಾಗಲಿ, ರಾಶಿಯ ಭಾರವನ್ನು ಮೊದಲು ಹಿಡಿದು ನಿಲ್ಲಿಸಬೇಕು, ಆಮೇಲೆ ಗೂಟ ತೆಗೆಯಬೇಕು. ತೆಗೆಯುವವನು ದಿಮ್ಮಿ ಬೀಳುವ ಬದಿಯಲ್ಲಿ ಇರಬಾರದು. ಗ್ರಾಪಲ್ ಇದ್ದರೆ ಅದರ ಪಂಜದಿಂದ ರಾಶಿಯನ್ನು ಅದುಮಿ ಹಿಡಿದು, ಆಚೆ ಬದಿಯಿಂದ ಕಟ್ಟು ಬಿಚ್ಚಬಹುದು. ಇಂದು ಲಾರಿಗಳಲ್ಲಿ ನಡೆಯುವುದನ್ನು ನೋಡಿದರೆ ಅಂದಿಗಿಂತ ಒಂದು ಹೆಜ್ಜೆ ಹಿಂದಕ್ಕೆ ಹೋದಂತಿದೆ. ದಿಮ್ಮಿಗಳಿಗೆ ಹಗ್ಗ ಬಿಗಿದು ಇನ್ನೊಂದು ತುದಿಯನ್ನು ಮರಕ್ಕೆ ಕಟ್ಟಿ, ಲಾರಿಯನ್ನೇ ರಭಸದಿಂದ ಮುಂದಕ್ಕೆ ಓಡಿಸಿ ಇಡೀ ಲೋಡನ್ನು ನೆಲಕ್ಕೆ ಬೀಳಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಂದರಿಗೆ ಹಡಗಿನಲ್ಲಿ ಬಂದ ಆಮದು ದಿಮ್ಮಿಗಳನ್ನು ಕಂಟೇನರಿನಿಂದ ಹೊರಗೆಳೆಯುವಲ್ಲೂ ಸರಪಳಿ ಕಟ್ಟಿ ಎಳೆಯುವುದೇ ವಿಧಾನ. ಬಿಗಿದ ಸರಪಳಿ ತುಂಡಾದರೆ ಅದರ ತುದಿ ಬೀಸುವ ವೇಗವನ್ನು ನಾನು ಕಾರ್ಖಾನೆಯಲ್ಲಿ ಒಮ್ಮೆ ಕಂಡವನು. ಕಬ್ಬಿಣದ ಬಾಗಿಲಿನಲ್ಲಿ ಅದು ಮಾಡಿದ ತೂತು ನಾನು ನಿವೃತ್ತನಾಗುವವರೆಗೂ ಹಾಗೆಯೇ ಇತ್ತು.

ರೈಲಿನ ಬಗ್ಗೆಯೂ ಎರಡು ಮಾತು. 1980ರ ದಶಕದಲ್ಲಿ ರೈಲ್ವೆಯು ಬಿಡಿ ವ್ಯಾಗನ್ ಬುಕಿಂಗ್ ಬದಿಗಿಟ್ಟು ಪೂರ್ಣ ರೇಕ್, ಅಂದರೆ ಇಡೀ ಗೂಡ್ಸ್ ಗಾಡಿಯ ಸಾಗಣೆಯತ್ತ ಹೊರಳಿದ ಮೇಲೆ, ಒಂದೆರಡು ವ್ಯಾಗನ್ನಿನಷ್ಟು ಸರಕಿರುವ ನಾಟಾ ವ್ಯಾಪಾರಿಗೆ ಲಾರಿಯೇ ಗತಿಯಾಯಿತು. 2019ರಲ್ಲಿ ಧಾರವಾಡ ಮತ್ತು ದಾಂಡೇಲಿ ಬಳಿಯ ಅಂಬೇವಾಡಿ ನಡುವೆ ಪ್ರಯಾಣಿಕರ ರೈಲು ಓಡಿದಾಗ ಊರವರೆಲ್ಲ ಸಂಭ್ರಮಿಸಿದೆವು, ನಾಟಾ ಮಾತ್ರ ರಸ್ತೆಯಲ್ಲೇ ಉಳಿಯಿತು. 2021ರಲ್ಲಿ ಪ್ರಕಟವಾದ ರೈಲ್ವೆಯ ಗತಿಶಕ್ತಿ ಕಾರ್ಗೋ (ಸರಕು) ಟರ್ಮಿನಲ್ ನೀತಿಯಡಿ ಎಲ್ಲಾದರೂ ಮರ ಸಾಗಿಸುವ ಟರ್ಮಿನಲ್ ಬಂದರೆ, ಆರಂಭದಲ್ಲೇ ಅದಕ್ಕೆ ತಕ್ಕ ಯಂತ್ರದ ಯೋಜನೆಯೂ ಸೇರಿರಬೇಕು. ವ್ಯಾಗನ್ ಲೋಡಿಂಗಿಗೆ ಸಿಗುವ ಅವಧಿ ಗಂಟೆಗಳ ಲೆಕ್ಕದ್ದು. ಮೀರಿದರೆ ಡೆಮರೇಜ್ ಎಂಬ ದಂಡ ಬೀಳುತ್ತದೆ, ಆ ಡೆಮರೇಜಿನ ಭಯದಲ್ಲೇ ಹಮಾಲರನ್ನು ಅವಸರಪಡಿಸಲಾಗುತ್ತದೆ. ಜೊತೆಗೆ ವಿದ್ಯುದೀಕರಣಗೊಂಡ ಮಾರ್ಗದಲ್ಲಿ ತಲೆಯ ಮೇಲೆ 25,000 ವೋಲ್ಟಿನ ತಂತಿ ಇರುತ್ತದೆ. ಅದಕ್ಕೆ ಎರಡು ಮೀಟರಿಗಿಂತ ಹತ್ತಿರ ಕ್ರೇನಿನ ಬೂಮ್ ಸುಳಿಯಬಾರದು. ಮುಟ್ಟಬೇಕೆಂದಿಲ್ಲ, ಹತ್ತಿರ ಹೋದರೂ ವಿದ್ಯುತ್ ಹಾರುತ್ತದೆ. ಲೋಡಿಂಗ್ ನಡೆಯುವ ಹಳಿಯ ಮೇಲೆ ತಂತಿಯೇ ಇಲ್ಲದಂತೆ ನೋಡಿಕೊಳ್ಳುವುದು, ಅದಾಗದಿದ್ದರೆ ವಿದ್ಯುತ್ ಕಡಿತದ ಲಿಖಿತ ಅನುಮತಿ ಕೈಗೆ ಬರುವ ತನಕ ಬೂಮ್ ಎತ್ತದಿರುವುದು, ಇದರಲ್ಲಿ ರಾಜಿ ಸಲ್ಲದು.

ಯಂತ್ರ ಬಂದರೆ ಹಮಾಲರ ಹೊಟ್ಟೆಯ ಗತಿ ಏನು ಎಂಬ ಪ್ರಶ್ನೆಯನ್ನು ನಾನು ಕಡೆಗಣಿಸಲಾರೆ. ಆ ಕೂಲಿಯಲ್ಲೇ ನಾನು ಓದಿದವನು. ಗ್ರಾಪಲ್ ಬಂದ ಅಂಗಳದಲ್ಲಿ ಹತ್ತು ಜನರ ಕೆಲಸಕ್ಕೆ ಮೂವರು ಸಾಕಾಗುತ್ತಾರೆ ಎಂಬುದು ನಿಜ, ಅದನ್ನು ಮುಚ್ಚಿಟ್ಟು ಮಾತನಾಡುವುದು ಪ್ರಾಮಾಣಿಕವಲ್ಲ. ಆದರೆ ಆ ಮೂವರು ಯಾರು ಎಂಬುದನ್ನು ನಾವು ನಿರ್ಧರಿಸಬಹುದು. ಹೊರಗಿನಿಂದ ಲೈಸೆನ್ಸ್ ಇರುವ ಚಾಲಕನನ್ನು ತರುವ ಬದಲು, ದಿಮ್ಮಿಯ ನಡು ಎಲ್ಲಿದೆ ಎಂದು ನೋಡಿದೊಡನೆ ಹೇಳಬಲ್ಲ, ಯಾವ ಮರ ಎತ್ತ ಉರುಳೀತು ಎಂದು ಅರಿಯಬಲ್ಲ ಅದೇ ತಂಡದ ಯುವಕರಿಗೆ ತರಬೇತಿ ಕೊಡಬೇಕು. ಕ್ರೇನು ನಡೆಸುವುದನ್ನು ಆರು ತಿಂಗಳಲ್ಲಿ ಕಲಿಸಬಹುದು, ಮರವನ್ನು ಓದುವುದನ್ನು ಕಲಿಸಲು ಹತ್ತು ವರ್ಷ ಬೇಕು. ಉಳಿದವರಿಗೆ ಸಂಕೇತ ಕೊಡುವವರಾಗಿ, ಸ್ಲಿಂಗ್ ತಪಾಸಕರಾಗಿ, ಅಳತೆ ಮತ್ತು ಲಾಟು ಜೋಡಣೆಯವರಾಗಿ ಜಾಗ ಸಿಗಬೇಕು, ಮತ್ತು ಯಂತ್ರದಿಂದ ಉಳಿಯುವ ಲೋಡಿಂಗ್ ವೆಚ್ಚದ ಒಂದು ಭಾಗ ವಯಸ್ಸಾದ ಹಮಾಲರ ನಿಧಿಗೆ ಸೇರಬೇಕು. ಮಹಾರಾಷ್ಟ್ರ 1969ರಲ್ಲಿ ಮಾಥಾಡಿ ಕಾಯ್ದೆ ಮಾಡಿ ಹಮಾಲರ ಹೆಸರು, ಕೂಲಿ, ರಜೆ, ಭವಿಷ್ಯನಿಧಿ ಎಲ್ಲವನ್ನೂ ಮಂಡಳಿಯ ಮೂಲಕ ನಡೆಸುವ ವ್ಯವಸ್ಥೆ ತಂದಿತು. ಕೇರಳ ‘ತಲೆಹೊರೆ ಕಾರ್ಮಿಕರ ಕಾಯ್ದೆ, 1978’ ಮಾಡಿತು. ನಮ್ಮ ಪಕ್ಕದ ಎರಡು ರಾಜ್ಯಗಳ ಈ ಅನುಭವ ನಾಟಾ ಹಮಾಲರಿಗೆ ಹೇಗೆ ಹೊಂದೀತು ಎಂಬುದನ್ನು ನಮ್ಮ ಕಾರ್ಮಿಕ ಇಲಾಖೆ ಪರಿಶೀಲಿಸಬೇಕೆಂದು ಕೋರುತ್ತೇನೆ.

ಡಿಪೋಗಳಲ್ಲಿ ಹರಾಜಿನಲ್ಲಿ ಕೊಂಡವರು ತಮ್ಮ ಖರ್ಚಿನಲ್ಲಿ ಸರಕು ಎತ್ತಿ ಒಯ್ಯುವ ಪದ್ಧತಿ ಇರುವಲ್ಲಿ, ಲೋಡಿಂಗ್ ಸುರಕ್ಷತೆ ಯಾರ ಹೊಣೆ ಎಂಬುದು ಗಾಳಿಯಲ್ಲಿ ತೂಗುತ್ತಿರುತ್ತದೆ. ಡಿಪೋದವರು ಖರೀದಿದಾರನ ಕಡೆ ಕೈ ತೋರಿಸುತ್ತಾರೆ, ಖರೀದಿದಾರ ಗುತ್ತಿಗೆದಾರನ ಕಡೆ, ಗುತ್ತಿಗೆದಾರ ಮೇಸ್ತ್ರಿಯ ಕಡೆ. ಹರಾಜಿನ ಷರತ್ತುಗಳಲ್ಲೇ ಇದು ಸ್ಪಷ್ಟವಾಗಲಿ. ಅಂಗಳದೊಳಗೆ ಬರುವ ಯಾವುದೇ ಕ್ರೇನು, ಸರಪಳಿ, ಸ್ಲಿಂಗಿಗೆ ಹನ್ನೆರಡು ತಿಂಗಳೊಳಗಿನ ತಪಾಸಣೆಯ ಪ್ರಮಾಣಪತ್ರ ಇರಬೇಕೆಂಬ ನಿಯಮ 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದ ಕಾರ್ಖಾನೆಗಳಲ್ಲಿ ನಡೆದುಬಂದಿದೆ. ಕಾರ್ಖಾನೆಯ ಗೋಡೆಯೊಳಗೆ ಎತ್ತುವ ಒಂದು ಟನ್ನಿಗೆ ಇರುವ ಕಾಳಜಿ ಮರದ ಅಂಗಳದಲ್ಲಿ ಎತ್ತುವ ಒಂದು ಟನ್ನಿಗೂ ಇರಬೇಕು. ದೊಡ್ಡ ಡಿಪೋಗಳಲ್ಲಿ ಇಲಾಖೆಯೇ ಒಂದು ಗ್ರಾಪಲ್ ಲೋಡರ್ ಇಟ್ಟು, ಘನ ಮೀಟರಿಗೆ ಇಂತಿಷ್ಟು ಎಂದು ಶುಲ್ಕ ಪಡೆದರೆ, ಬಾಡಿಗೆಯ ಹಳೆಯ ಹೈಡ್ರಾ ತರುವ ಅಗತ್ಯವೇ ಖರೀದಿದಾರರಿಗೆ ಬೀಳದು.

ಇದಕ್ಕೆಲ್ಲ ಹಣ, ಆದೇಶ, ಸಮಯ ಬೇಕು ಎಂದು ನನಗೆ ಗೊತ್ತು. ಏನೂ ಖರ್ಚಿಲ್ಲದ ಒಂದು ಕೆಲಸವನ್ನು ಮಾತ್ರ ನಾಳೆಯೇ ಆರಂಭಿಸಬಹುದು. ಪ್ರತಿ ದಿಮ್ಮಿಯ ಕೊಯ್ದ ಮುಖದ ಮೇಲೆ ಈಗಾಗಲೇ ಸಂಖ್ಯೆ, ಉದ್ದ, ಸುತ್ತಳತೆಗಳನ್ನು ಬಣ್ಣದಲ್ಲಿ ಬರೆಯುತ್ತಾರೆ. ಅದೇ ಕುಂಚದಿಂದ, ಅದೇ ಬಣ್ಣದಲ್ಲಿ, ದುಂಡು ಅಳತೆಯ ಪ್ರಕಾರ ಹಸಿ ಮರದ ಅಂದಾಜು ತೂಕವನ್ನೂ ಕಿಲೋಗಳಲ್ಲಿ ಬರೆಯಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, ಎಲ್ಲವೂ ಮೀಟರಿನಲ್ಲಿರುವಾಗ 80ರಿಂದ ಗುಣಿಸಿದರೆ ಹಸಿ ತೇಗದ ತೂಕ ಸುಮಾರಾಗಿ ಸಿಗುತ್ತದೆ. ಮೊಬೈಲ್ ಫೋನಿನಲ್ಲಿ ಅರ್ಧ ನಿಮಿಷದ ಲೆಕ್ಕ. ಮಳೆಗಾಲ ಮುಗಿದು ಹೊಸ ಕಡಿತದ ದಿಮ್ಮಿಗಳು ಡಿಪೋಗೆ ಬರುವ ಮುನ್ನ ಸಂಬಂಧಪಟ್ಟ ಅಧಿಕಾರಿಗಳು ಇಷ್ಟನ್ನಾದರೂ ಮಾಡಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ಲೆಕ್ಕದ ಪಟ್ಟಿ ತಯಾರಿಸಿಕೊಡಲು, ಡಿಪೋಗೆ ಬಂದು ಬರೆಯುವವರಿಗೆ ತೋರಿಸಿಕೊಡಲು ನಾನು ಸಿದ್ಧನಿದ್ದೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಕ್ರೇನ್ ತಪಾಸಣಾ ಮೇಲ್ವಿಚಾರಕ,
ಅಳ್ನಾವರ, ಧಾರವಾಡ ಜಿಲ್ಲೆ